‘ಬಾಗಿಲೆಲ್ಲಿ’ ಹಾಡಿಗೆ ಚಲಪತಿ ಹೇಳಿದ ಗೂಢಾರ್ಥ

ಕ್ಯಾಸಂಬಳ್ಳಿ ಹಾಲಿನ ಡೇರಿಯ ಕಾರ್ಯದರ್ಶಿ ಚಲಪತಿ ‘ನಂಗೊತ್ತಿಲ್ಲ’ ಎಂದದ್ದನ್ನು ಕೇಳಿದವರು ಆ ಹೋಬಳಿಯಲ್ಲೇ ಇಲ್ಲ. ಇದಕ್ಕೆ ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ, ಆ ಸೀಮೆಯ ಪದ್ಧತಿಯೇ ಹಾಗಿದೆ. ಅಲ್ಲಿನ ಭಜನೆ ಮನೆಗಳಲ್ಲಿ ಹಾಡುವ ತತ್ವಪದಗಳು ತೆಲುಗಿನವು. ಹಾಡು ನಿಂತ ಕೂಡಲೇ ಒಬ್ಬರು ಎದ್ದು ಅದರ ಒಳಾರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಹಾಡಿನಲ್ಲಿ ಮಡಕೆ ಬಂದರೆ ಅದು ದೇಹ, ನೀರು ಬಂದರೆ ಪ್ರಾಣ, ಅತ್ತೆ ಬಂದರೆ ಮಾಯೆ. ಮೊದಲು ಈ ಕೆಲಸ ಮಾಡುತ್ತಿದ್ದ ಹಿರಿಯರು ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ಅವರು ಹೇಳಿದ ಅರ್ಥಕ್ಕೇ ಇನ್ನೊಬ್ಬರು ಅರ್ಥ ಹೇಳಬೇಕಾಗಿ ಬಂದು, ಆ ಜಾಗ ಚಲಪತಿಗೆ ಸಿಕ್ಕಿತು. ಸಿಕ್ಕಿದ್ದು ಭಜನೆ ಮನೆಯೊಳಗೆ ಮಾತ್ರ. ಅವನು ಅದನ್ನು ಊರ ತುಂಬಾ ಹೊತ್ತು ತಿರುಗಿದ.

ಬೆಳಿಗ್ಗೆ ಡೇರಿಗೆ ಬಂದವರ ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಡುತ್ತಲೇ ಶುರುವಾಗುತ್ತಿತ್ತು. ಇದು ಬರೀ ಗಾಜಿನ ಕೋಲಲ್ಲ, ಜೀವಾತ್ಮ. ಸಂಸಾರಕ್ಕೆ ನೀರು ಜಾಸ್ತಿಯಾದಷ್ಟೂ ಮುಳುಗುತ್ತಾ ಹೋಗುತ್ತದೆ ಎನ್ನುತ್ತಿದ್ದ. ಪಕ್ಕದ ಮನೆಯ ಪೆದ್ದಮ್ಮ ಹಾಲಿಗೆ ನೀರು ಬೆರೆಸುವುದನ್ನು ಬಿಟ್ಟದ್ದು ದಂಡಕ್ಕೆ ಹೆದರಿ ಅಲ್ಲ, ಆ ಅರ್ಥಕ್ಕೆ ಹೆದರಿ. ಹೇಳುವುದೆಲ್ಲಾ ಮುಗಿಯಿತು ಎಂದು ಜನ ಏಳುವ ಹೊತ್ತಿಗೆ ಚಲಪತಿಯ ತೋರುಬೆರಳು ಮೇಲೇಳುತ್ತಿತ್ತು. “ಇನ್ನೂ ಒಂದು ಅರ್ಥ ಐತೆ” ಎನ್ನುತ್ತಿದ್ದ. ಎದ್ದವರು ಮತ್ತೆ ಕೂರುತ್ತಿದ್ದರು.

ಅವನ ಮಗಳು ವನಿತಾ ಬಂಗಾರಪೇಟೆಯ ಒಂದು ಬೈಕ್ ಶೋರೂಮಿನಲ್ಲಿ ಬಿಲ್ಲು ಹಾಕುವ ಕೆಲಸದಲ್ಲಿದ್ದಳು. ಅಲ್ಲೇ ಹಿಂದುಗಡೆ ಗಾಡಿ ರಿಪೇರಿ ಮಾಡುವ ವಿಜಯಕುಮಾರ್ ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆಯವನು. ಅಪ್ಪ ಅಮ್ಮ ಇಲ್ಲದ ಅವನನ್ನು ಅಜ್ಜಿ ಮಾರಿಯಮ್ಮ ಸಾಕಿದ್ದಳು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿ, ಮನೆಯಲ್ಲಿ ಹೇಳಿ, ಒಂದು ಭಾನುವಾರ ಅಜ್ಜಿ ಮೊಮ್ಮಗ ಕ್ಯಾಸಂಬಳ್ಳಿಗೆ ಮಾತಾಡಲು ಬಂದರು.

ಮಾತಾಡಿದ್ದು ಚಲಪತಿ. ಚಲಪತಿಯ ಹೆಂಡತಿ ರಾಧಾಮಣಿ ಟೀ ತಂದಿಟ್ಟಳು. ಲೋಟದ ಒಳಾರ್ಥ ಮುಗಿಯುವ ತನಕ ಅದನ್ನು ಮುಟ್ಟುವುದು ಮರ್ಯಾದೆಯಲ್ಲವೆಂದು ಹುಡುಗ ಕೈಕಟ್ಟಿ ಕೂತ. ಆಮೇಲೆ ಡೇರಿಯೊಳಗೆ ಕರೆದೊಯ್ದು ಲ್ಯಾಕ್ಟೋಮೀಟರು ತೋರಿಸಿ ಜೀವಾತ್ಮನ ವಿಚಾರ ಹೇಳಿದ್ದಾಯಿತು. ಮರಳಿ ಬಂದಾಗ ಮಾರಿಯಮ್ಮ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಹುಡುಗ ಏಳಲು ನೋಡಿದಾಗಲೆಲ್ಲಾ ಬೆರಳು ಎದ್ದಿತು. ಕೆಜಿಎಫ್‌ಗೆ ಹೋಗುವ ಕಡೇ ಬಸ್ಸು ಮನೆ ಮುಂದೆಯೇ ಹಾರನ್ ಹೊಡೆದು ಹೊರಟುಹೋಯಿತು. ಕೊನೆಗೆ ಅಜ್ಜಿಯನ್ನೂ ಮೊಮ್ಮಗನನ್ನೂ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂರಿಸಿ ಕಳಿಸಬೇಕಾಯಿತು. ವ್ಯಾನು ಕಣ್ಮರೆಯಾದ ಮೇಲೆ ಚಲಪತಿ, ಇಷ್ಟು ಶ್ರದ್ಧೆಯಿಂದ ಕೇಳುವ ಹುಡುಗನನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ, ಅಳಿಯ ಎಂದರೆ ಇವನೇ ಎಂದು ಘೋಷಿಸಿದ. ಹುಡುಗನ ಉದ್ದ ಕೂದಲನ್ನು ಕಂಡು ತಿರುಪತಿಗೆ ಮುಡಿ ಬಿಟ್ಟಿದ್ದಾನೆಂದುಕೊಂಡ ಚಲಪತಿಯ ತಾಯಿ ಅಕ್ಕಯ್ಯಮ್ಮನೂ ಒಪ್ಪಿದಳು. ವನಿತಾಳಿಗೆ ಹೂ ಮುಡಿಸುವ ಶಾಸ್ತ್ರಕ್ಕೆ ದಿನ ಗೊತ್ತಾಯಿತು.

ಎಲ್ಲಾ ಸುಸೂತ್ರವಾಗಿ ನಡೆದಿದೆ ಎನ್ನುವಾಗ ರಾಧಾಮಣಿಯ ಅಣ್ಣ ರಾಮಚಂದ್ರಪ್ಪ ಮೊಬೈಲು ಹಿಡಿದು ಬಂದ. ಈತ ಭಜನೆ ಮಂಡಳಿಯ ಹಾರ್ಮೋನಿಯಂ ಬಾರಿಸುವವನು. ಅರ್ಥ ಹೇಳುವ ಜಾಗ ತನಗೆ ಬರಬೇಕಿತ್ತೆಂಬ ಸಂಕಟ ಅವನ ಹೊಟ್ಟೆಯಲ್ಲಿ ಬಹಳ ಕಾಲದಿಂದ ಇತ್ತು. ಮೊಬೈಲಿನಲ್ಲಿ ವಿಜಯಕುಮಾರ್ ಕರೀ ಬನಿಯನ್ನು ಹಾಕಿಕೊಂಡು, ಕೂದಲು ಬಿಚ್ಚಿ ತಲೆ ಗಿರಗಿರ ತಿರುಗಿಸುತ್ತಾ, ಹೊಟ್ಟೆಯೊಳಗಿಂದ ಗರ್ಜಿಸುತ್ತಿದ್ದ. ಹಿಂದೆ ಕೆಜಿಎಫ್‌ನ ಗಣಿ ಮಣ್ಣು ಸುರಿದ ಸೈನೈಡ್ ದಿಬ್ಬ ಕಾಣಿಸುತ್ತಿತ್ತು. ಪಕ್ಕದಲ್ಲಿ ಬಾಲಾಜಿ ಎಂಬ ಗೆಳೆಯ ಡ್ರಮ್ಮಿನ ಮೇಲೆ ಹಳೇ ಸೇಡು ತೀರಿಸಿಕೊಳ್ಳುತ್ತಿದ್ದ. ಹಾಡಿನ ಹೆಸರು ‘ಬಾಗಿಲೆಲ್ಲಿ’ ಎಂದು ಬರೆದಿತ್ತು.

ಅಕ್ಕಯ್ಯಮ್ಮ ಕನ್ನಡಕ ಏರಿಸಿ ನೋಡಿದಳು. ಹುಡುಗನಿಗೆ ಯಾವ ದೇವರು ಮೈಮೇಲೆ ಬಂದಿದೆ ಎಂದು ಕೇಳಿದಳು. ದೇವರಲ್ಲಮ್ಮ, ಇದನ್ನು ಹೆವಿ ಮೆಟಲ್ ಅನ್ನುತ್ತಾರೆ, ಫಾರಿನ್ನಿನಲ್ಲಿ ದೆವ್ವಗಳ ಮೇಲೆ ಹಾಡುವ ಹಾಡು ಎಂದು ರಾಮಚಂದ್ರಪ್ಪ ಬಲು ದುಃಖದಿಂದ ಹೇಳಿದ. ಆ ದುಃಖದಲ್ಲಿ ಅವನ ಮುಖ ಹೊಳೆಯುತ್ತಿತ್ತು. ಪೆದ್ದಮ್ಮ ಬೇಲಿಯಾಚೆಯಿಂದಲೇ ಎದೆ ಮುಟ್ಟಿಕೊಂಡಳು. ವನಿತಾಳ ಬಣ್ಣ ಬಿಳುಚಿತು.

ಅಕ್ಕಯ್ಯಮ್ಮ ಮಗನ ಕಡೆ ತಿರುಗಿದಳು. “ಊರಿನ ಪದಕ್ಕೆಲ್ಲಾ ಅರ್ಥ ಏಳ್ತೀಯಲ್ಲಾ ಚಲಪತಿ, ಇದಕ್ಕೂ ಏಳ್ಲಾ. ಒಳ್ಳೇ ಅರ್ಥ ಇದ್ರೆ ಮೊಮ್ಮಗಳ ತಲೆಗೆ ಊವು. ಇಲ್ದಿದ್ರೆ ಊವೂ ಇಲ್ಲ, ಮದ್ವೇನೂ ಇಲ್ಲ.”

ಚಲಪತಿ ಆಗಲೇ ‘ನಂಗೊತ್ತಿಲ್ಲ’ ಎಂದುಬಿಟ್ಟಿದ್ದರೆ ಹುಡುಗನನ್ನೇ ಕರೆಸಿ ಕೇಳಬಹುದಿತ್ತು. ಆದರೆ ರಾಮಚಂದ್ರಪ್ಪ ನೋಡುತ್ತಿದ್ದ. ಚಲಪತಿ ಮೊಬೈಲನ್ನು ಕಸಿದುಕೊಂಡು ಡೇರಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಾಲಿನ ಕ್ಯಾನುಗಳೆಲ್ಲಾ ಆ ಹಾಡಿಗೆ ದಡದಡ ಅದುರಿದವು. ಎಷ್ಟು ಸಲ ಕಿವಿಗಿಟ್ಟುಕೊಂಡರೂ ಗರ್ಜನೆಯ ನಡುವೆ ನಾಲ್ಕಾರು ಮಾತು ಮಾತ್ರ ಮೇಲೆ ತೇಲಿದವು: ತಣ್ಣಗಾಯ್ತು, ಮುದುಕಿ ಮಲಗಿದಳು, ಗಾಜಿನ ಕೋಲು ಮುಳುಗಿತು, ಹೋಯ್ತು ಹೋಯ್ತು, ಬಾಗಿಲೆಲ್ಲಿ. ಕೊನೆಯ ಸಾಲಂತೂ ಬರೀ ಗುಡುಗು.

ಆದರೆ ಚಲಪತಿಗೆ ಅಷ್ಟು ಸಾಕಿತ್ತು. ಹೊರಗೆ ಬಂದಾಗ ಅವನ ಕಣ್ಣು ತುಂಬಿದ್ದವು. ಇದು ದೆವ್ವದ ಹಾಡಲ್ಲ, ಅಪ್ಪಟ ತತ್ವಪದ ಎಂದ. ತಣ್ಣಗಾದದ್ದು ದೇಹ. ಮಲಗಿದ ಮುದುಕಿ ಮಾಯೆ. ಹೋಯ್ತು ಎಂದರೆ ಆಯಸ್ಸು. ಬಾಗಿಲು ಮುಕ್ತಿಯ ಬಾಗಿಲು. ಹೆವಿ ಮೆಟಲ್ ಎಂದರೆ ಭಾರವಾದ ಲೋಹ, ಭಾರವಾದ ಲೋಹ ಎಂದರೆ ಚಿನ್ನ, ಚಿನ್ನ ಎಂದರೆ ಆತ್ಮ. ಅದು ಕೆಜಿಎಫ್‌ನಲ್ಲಿ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು? ಗಾಜಿನ ಕೋಲಿನ ವಿಷಯಕ್ಕೆ ಬಂದಾಗ ಅವನು ಮೊಬೈಲಿಗೇ ಕೈಮುಗಿದ. ತಾನು ಇಷ್ಟು ವರ್ಷ ಡೇರಿಯಲ್ಲಿ ಕೊಡುತ್ತಾ ಬಂದ ದೃಷ್ಟಾಂತವೇ ಆ ಹಾಡಿನಲ್ಲೂ ಇದೆ ಎಂದರೆ ಜ್ಞಾನಿಗಳೆಲ್ಲಾ ಒಂದೇ ರೀತಿ ಯೋಚಿಸುತ್ತಾರೆ ಎಂದಾಯಿತು.

ಇದನ್ನು ಕೇಳಿ ವನಿತಾ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಅಡಿಗೆ ಮನೆಗೆ ಓಡಿದಳು. ಅವಳ ಹೆಗಲು ಕುಲುಕುತ್ತಿದ್ದವು. ಮಗಳಿಗೆ ಭಕ್ತಿ ಉಕ್ಕಿಬಂದಿದೆ ಎಂದು ಚಲಪತಿ ಹೆಂಡತಿಗೆ ಸನ್ನೆ ಮಾಡಿದ.

ಮಾರನೆಯ ದಿನದಿಂದ ಕ್ಯಾಸಂಬಳ್ಳಿಯಲ್ಲಿ ಆ ಹಾಡಿಗೆ ಬಂದ ಮರ್ಯಾದೆ ಹೇಳತೀರದು. ಪೆದ್ದಮ್ಮ ಬೆಳಿಗ್ಗೆ ಹಸುಗಳ ಮುಂದೆ ಮೊಬೈಲು ಇಟ್ಟು ಹಾಲು ಕರೆಯತೊಡಗಿದಳು. ಹಸು ಮೊದಲು ಬಕೆಟ್ಟು ಒದ್ದಿತು, ಎರಡನೇ ದಿನಕ್ಕೆ ತಲೆದೂಗಿತು ಎಂದು ಅವಳೇ ಹೇಳಿದಳು. ಊರು ಹೊರಳಿದ ದಿಕ್ಕು ನೋಡಿ ರಾಮಚಂದ್ರಪ್ಪ ತಾನೂ ಹೊರಳಿದ. ‘ಬಾಗಿಲೆಲ್ಲಯ್ಯಾ’ ಎಂದು ರಾಗ ಎಳೆದು, ತಾಳ ತಟ್ಟಿಸಿ, ಶನಿವಾರದ ಭಜನೆಗೆ ಸೇರಿಸಿಯೇಬಿಟ್ಟ. ಗರ್ಜಿಸುವ ಜಾಗದಲ್ಲಿ ಎಲ್ಲರೂ ಒಟ್ಟಾಗಿ ಕೆಮ್ಮುವುದೆಂದು ತೀರ್ಮಾನವಾಯಿತು.

ಆ ವಾರ ಡೇರಿ ತಪಾಸಣೆಗೆ ಬಂಗಾರಪೇಟೆಯಿಂದ ಬಂದ ವಿಸ್ತರಣಾಧಿಕಾರಿ ಮುನಿನಾರಾಯಣಪ್ಪನವರನ್ನು ಪೆದ್ದಮ್ಮ ಬಾಗಿಲಲ್ಲೇ ತಡೆದು, ಪದ ನಡೆಯುತ್ತಿದೆ, ಬೂಟು ಬಿಚ್ಚಿ ಎಂದಳು. ಅಧಿಕಾರಿ ಬೂಟು ಬಿಚ್ಚಿ, ತೂತು ಬಿದ್ದ ಕಾಲುಚೀಲ ಮುಚ್ಚಿಕೊಳ್ಳುತ್ತಾ ಕೈಮುಗಿದು ನಿಂತರು. ಹಾಡು ಮುಗಿದ ಮೇಲೆ ಇದರ ಹಿನ್ನೆಲೆ ಏನು, ಯಾರು ಕಟ್ಟಿದ್ದು ಎಂದು ವಿಚಾರಿಸಿದರು. ಚಲಪತಿ ಹಿನ್ನೆಲೆಯ ಬಗ್ಗೆ ಯೋಚಿಸಿರಲಿಲ್ಲ. ಆದರೆ ಬಾಯಿ ಅವನಿಗಿಂತ ಮುಂದೆ ಹೋಗಿತ್ತು. ಮೈಸೂರು ಮೈನ್ಸ್‌ನಲ್ಲಿ ಹಿಂದೆ ಒಬ್ಬ ಗಣಿ ಕೆಲಸಗಾರನಿದ್ದನೆಂದೂ, ಒಮ್ಮೆ ಸುರಂಗದ ತಳಕ್ಕಿಳಿದವನು ಅಲ್ಲೇ ಧ್ಯಾನಕ್ಕೆ ಕೂತನೆಂದೂ, ಗಣಿ ನಿಂತರೂ ಅವನು ಮೇಲೆ ಬರಲಿಲ್ಲವೆಂದೂ, ಈ ಹಾಡಿನ ದನಿ ಆ ಸಿದ್ಧನದೇ ಎಂದೂ ಹೇಳಿದ. ಅಧಿಕಾರಿಗಳು ಹಾಲನ್ನು ತಪಾಸಣೆ ಮಾಡುವುದನ್ನೇ ಮರೆತು ಹೊರಟುಹೋದರು.

ಆ ಕಥೆ ಬಂಗಾರಪೇಟೆ ಮುಟ್ಟಿ, ಅಲ್ಲಿಂದ ಬೇತಮಂಗಲಕ್ಕೆ ಹೋಗಿ, ಹಾಲಿನ ವ್ಯಾನಿನ ಡ್ರೈವರಿನ ಬಾಯಲ್ಲಿ ಮರಳಿ ಕ್ಯಾಸಂಬಳ್ಳಿಗೆ ಬರುವಷ್ಟರಲ್ಲಿ ಸಿದ್ಧನಿಗೆ ಚಿನ್ನದ ಗಡ್ಡ ಬೆಳೆದಿತ್ತು. ಡ್ರೈವರು ಹೇಳಿದ್ದನ್ನು ಚಲಪತಿ ಬಾಯಿ ತೆರೆದು ಕೇಳಿದ. ಗಡ್ಡದ ವಿಷಯ ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಕೈಮುಗಿದ.

ಅಕ್ಕಯ್ಯಮ್ಮ ಮಾತ್ರ ಸುಲಭಕ್ಕೆ ಬಗ್ಗುವವಳಲ್ಲ. ಹೂ ಮುಡಿಸುವ ದಿನ ಹುಡುಗ ತನ್ನ ತಂಡದೊಂದಿಗೆ ಬಂದು ಡೇರಿ ಅಂಗಳದಲ್ಲಿ ಆ ಪದ ಹಾಡಬೇಕು, ಚಲಪತಿ ಸಾಲುಸಾಲಿಗೆ ಅರ್ಥ ಹೇಳಬೇಕು, ಊರು ಒಪ್ಪಿದ ಮೇಲೆ ಹೂವು ಎಂದಳು. ಚಲಪತಿ ಇದನ್ನು ಹೇಳಿಬರಲು ಮೈಸೂರು ಮೈನ್ಸ್‌ಗೆ ಹೋದ.

ಮಾರಿಯಮ್ಮನ ಮನೆ ಗಣಿ ಕೆಲಸಗಾರರ ಹಳೇ ಮನೆಗಳ ಲೈನಿನಲ್ಲಿತ್ತು. ಹುಡುಗನೂ ಬಾಲಾಜಿಯೂ ಮನೆ ಮುಂದೆ ವೈರು ಸುತ್ತುತ್ತಿದ್ದರು. ಚಲಪತಿ ಹಾಡಿನ ಹೆಸರೆತ್ತಿದ್ದೇ ತಡ, ವಿಜಯಕುಮಾರನ ಮುಖ ಸುಣ್ಣದಂತಾಯಿತು. “ಮಾಮ, ಆ ಆಡು ನಾನು ಬೇರೆ ಏನೋ ನೆನೆಸ್ಕೊಂಡು ಕಟ್ಟಿದ್ದು” ಎಂದು ಬಾಯಿ ತೆರೆದ. ಚಲಪತಿ ಅವನ ಬೆನ್ನು ತಟ್ಟಿ, ನೀನು ಏನು ಬರೆದಿದ್ದೀಯೆಂದು ನಿನಗೇ ಗೊತ್ತಿಲ್ಲ, ತತ್ವ ಬರುವುದೇ ಹಾಗೆ, ಕೂತ್ಕೋ ಹೇಳ್ತೀನಿ ಎಂದ. ಹುಡುಗ ಕೂತ. ಬಾಲಾಜಿ ವೈರು ಬಿಟ್ಟು ಓಡಲು ನೋಡಿ ಸಿಕ್ಕಿಬಿದ್ದ. ಮಾರಿಯಮ್ಮ ಟೀ ತಂದಿಟ್ಟು, ನಲ್ಲಿಯಲ್ಲಿ ನೀರು ಬರುವ ಹೊತ್ತಾಯಿತೆಂದು ಒಂದೆರಡು ಸಲ ಸೂಚಿಸಿ, ಪ್ರಯೋಜನವಿಲ್ಲದೆ ಹೊಸ್ತಿಲಿಗೆ ತಲೆಯಿಟ್ಟು ಮಲಗಿದಳು. ಚಲಪತಿ ಮುಟ್ಟದೆ ಬಿಟ್ಟ ಲೋಟವನ್ನು ಕೈಗೆತ್ತಿಕೊಂಡರೆ ಅದು ತಣ್ಣಗಾಗಿತ್ತು. ಮಲಗಿದ ಮುದುಕಿಯನ್ನೂ ಲೋಟವನ್ನೂ ಬದಲಿಸಿ ಬದಲಿಸಿ ನೋಡಿ, ಅವನಿಗೆ ಮೈ ಜುಮ್ಮೆಂದಿತು. ಹಾಡಿನಲ್ಲಿದ್ದದ್ದೆಲ್ಲಾ ಕಣ್ಣೆದುರಿಗೇ ನಡೆಯುತ್ತಿದೆ ನೋಡಯ್ಯಾ ಎಂದ. ಗೆಳೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೂ ಮುಡಿಸುವ ದಿನ ಡೇರಿ ಅಂಗಳದಲ್ಲಿ ಶಾಮಿಯಾನ ಎದ್ದಿತು. ಭಜನೆ ಮಂಡಳಿಯವರು ಮುಂದೆ, ಹಾಲು ಹಾಕುವವರು ಹಿಂದೆ. ಮುನಿನಾರಾಯಣಪ್ಪನವರು ಈ ಸಲ ಹೊಸ ಕಾಲುಚೀಲ ಹಾಕಿಕೊಂಡು ಬಂದಿದ್ದರು. ತಟ್ಟೆಯಲ್ಲಿ ಕನಕಾಂಬರ ಮಲ್ಲಿಗೆ ಇಟ್ಟುಕೊಂಡು ಅಕ್ಕಯ್ಯಮ್ಮ ನಡುವೆ ಕೂತಳು. ಪಕ್ಕದ ಕುರ್ಚಿಯಲ್ಲಿ ಮಾರಿಯಮ್ಮ. ವನಿತಾ ಹೊಸ ಸೀರೆಯಲ್ಲಿ ಉಗುರು ಕಚ್ಚುತ್ತಿದ್ದಳು. ಪ್ರಾರ್ಥನೆಯ ಹೆಸರಿನಲ್ಲಿ ಚಲಪತಿ ಎದ್ದು ಶಾಮಿಯಾನದ ಒಳಾರ್ಥ ಹೇಳಿ ಮುಗಿಸುವಷ್ಟರಲ್ಲಿ ಮಾರಿಯಮ್ಮನ ಕತ್ತು ವಾಲಿತ್ತು.

ಬಾಲಾಜಿ ಡ್ರಮ್ಮಿಗೆ ಕೈಯೆತ್ತಿದ. ಅಕ್ಕಯ್ಯಮ್ಮ ತಡೆದಳು. ಗರ್ಜನೆ ಆಮೇಲೆ ಇರಲಿ, ಮೊದಲು ಪದವನ್ನು ಬಾಯಲ್ಲಿ ಬಿಡಿಸಿ ಹೇಳಲಿ, ನಮಗೆ ವಯಸ್ಸಾಗಿದೆ ಎಂದಳು. ವಿಜಯಕುಮಾರ್ ವನಿತಾಳನ್ನು ನೋಡಿದ. ಅವಳು ನೆಲ ನೋಡಿದಳು. ಹುಡುಗ ಮೈಕು ಹಿಡಿದು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನ ಹಾಗೆ, “ಟೀ ತಣ್ಣಗಾಯ್ತು” ಎಂದ.

ದೇಹ ಎನ್ನಲು ಸಿದ್ಧನಾಗಿ ನಿಂತಿದ್ದ ಚಲಪತಿ ಒಂದು ಕ್ಷಣ ತಡವರಿಸಿದ. ಟೀ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ಸಾವರಿಸಿಕೊಂಡು, ಟೀ ಎಂದರೆ ದೇಹ, ಸೊಪ್ಪು ನೀರು ಬೆಂಕಿ ಎಲ್ಲಾ ಸೇರಿದ್ದು ಎಂದು ದಾಟಿಸಿದ.

“ಮುದುಕಿ ಮಲಗಿದಳು” ಎಂದ ಹುಡುಗ. ಮಾಯೆ ಎಂದ ಚಲಪತಿ. ಆದರೆ ಜನರೆಲ್ಲಾ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಮಾರಿಯಮ್ಮನ ಕಡೆ ತಿರುಗಿ ನೋಡಿದರು.

ಗಾಜಿನ ಕೋಲು ಮುಳುಗಿತು ಎಂದಾಗ ಹಾಲು ಹಾಕುವವರ ಸಾಲಿನಲ್ಲಿ ಗುಸುಗುಸು ಎದ್ದಿತು. “ಕಡೇ ಬಸ್ಸು ಹೋಯ್ತು” ಎಂಬ ಸಾಲಿಗೆ ಪೆದ್ದಮ್ಮ ಹಾಲಿನ ವ್ಯಾನು ನೆನಪಾಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಾಗಿಲೆಲ್ಲಿ, ಬಾಗಿಲೆಲ್ಲಿ ಎಂದು ಹೇಳಿ ಹುಡುಗ ನಿಂತುಬಿಟ್ಟ. ಇನ್ನೊಂದು ಸಾಲು ಉಳಿದಿದೆಯಲ್ಲ ಎಂದಳು ಅಕ್ಕಯ್ಯಮ್ಮ. ಅದು ಬೇಡ ಅಜ್ಜಿ ಎಂದ ಅವನು. ಹೇಳು ಎಂದಳು.

ಹುಡುಗ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ. “ಮೇಲೆದ್ದಿತೊಂದು ಬೆರಳು. ಇನ್ನೂ ಒಂದು ಅರ್ಥ ಐತೆ.”

ಅರ್ಥ ಹೇಳಲು ಚಲಪತಿ ಬೆರಳು ಎತ್ತಿದ್ದ. ಅದು ಅಲ್ಲೇ ನಿಂತಿತು. ಅಂಗಳದಲ್ಲಿದ್ದ ಪ್ರತಿಯೊಬ್ಬರೂ ಆ ಬೆರಳನ್ನೇ ನೋಡುತ್ತಿದ್ದರು. ಮೊದಲು ಪೆದ್ದಮ್ಮನ ಸೆರಗು ಸೋತಿತು. ಅವಳ ಹಿಂದೆ ಹಾಲು ಹಾಕುವವರು ನಕ್ಕರು, ಭಜನೆ ಮಂಡಳಿ ನಕ್ಕಿತು, ಹಾರ್ಮೋನಿಯಂ ಮೇಲೆ ರಾಮಚಂದ್ರಪ್ಪ ಬಿದ್ದು ಅದೂ ಒಂದು ಸಲ ಕೂಗಿಕೊಂಡಿತು. ಗಣಿಸಿದ್ಧನ ಗತಿ ಏನು ಎಂದು ಮುನಿನಾರಾಯಣಪ್ಪನವರು ಅಕ್ಕಪಕ್ಕದವರನ್ನು ಕೇಳುತ್ತಿದ್ದರು.

ಚಲಪತಿಗೆ ಅರ್ಥವಾಯಿತು. ಅವನ ಜೀವಮಾನದಲ್ಲಿ ಇಷ್ಟು ಬೇಗ ಯಾವ ಪದವೂ ಅವನಿಗೆ ಅರ್ಥವಾಗಿರಲಿಲ್ಲ. ಬೆರಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಕೂತ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನೋವಾಯಿತು. ಅಷ್ಟು ಶ್ರದ್ಧೆಯಿಂದ ಕೇಳಿದ್ದ ಹುಡುಗ ಬಾಗಿಲು ಹುಡುಕುತ್ತಿದ್ದನೇ ಎಂದು ಕಣ್ಣು ಒದ್ದೆಯಾಯಿತು. ಹೂವಿನ ತಟ್ಟೆ ಇನ್ನೂ ಅಕ್ಕಯ್ಯಮ್ಮನ ಮಡಿಲಲ್ಲೇ ಇತ್ತು. ಅವಳೊಬ್ಬಳು ನಕ್ಕಿರಲಿಲ್ಲ. ಅವಳ ಮುಖ ನೋಡಿ ನಗು ತಾನಾಗಿ ಅಡಗಿತು.

“ಅಷ್ಟು ಕಷ್ಟ ಆಗಿದ್ರೆ ಅವತ್ತು ಎದ್ದು ಓಗಬೇಕಾಗಿತ್ತಲ್ಲಪ್ಪ” ಎಂದಳು ಹುಡುಗನಿಗೆ.

“ಎದ್ದು ಓದ್ರೆ ವನಿತಾನ ಕೊಡಲ್ಲ ಅಂದ್ಕೊಂಡೆ ಅಜ್ಜಿ” ಎಂದ ವಿಜಯಕುಮಾರ್. “ಮಾಮನ ಮೇಲೆ ಬೇಜಾರಿಂದ ಕಟ್ಟಿದ್ದಲ್ಲ. ಎದೇಲಿ ತುಂಬ್ಕೊಂಡಿತ್ತು, ಗರ್ಜಿಸಿದ್ರೆ ಅಗುರಾಗುತ್ತೆ ಅಂತ ಗರ್ಜಿಸ್ದೆ.”

ಅಕ್ಕಯ್ಯಮ್ಮ ತಟ್ಟೆ ಹಿಡಿದು ಎದ್ದಳು. “ನಾನೂ ಅಷ್ಟೇ ಕಣಪ್ಪ. ಇವನು ಮಾತು ಕಲ್ತ ದಿನದಿಂದ ನಂಗೂ ಎದೇಲಿ ತುಂಬ್ಕೊಂಡೈತೆ. ಗರ್ಜಿಸೋಕೆ ಬರ್ಲಿಲ್ಲ” ಎಂದಳು. ಊರಿನ ಕಡೆ ತಿರುಗಿ, ಒಂದು ಹುಡುಗಿಗೋಸ್ಕರ ನನ್ನ ಮಗನ ಮುಂದೆ ಇಡೀ ದಿನ ಅಲುಗಾಡದೆ ಕೂತವನು ಸಂಸಾರದಲ್ಲಿ ಎಂಥದ್ದನ್ನಾದರೂ ತಡೆಯುತ್ತಾನೆ, ಇದಕ್ಕಿಂತ ಒಳ್ಳೇ ಅರ್ಥ ನನಗೆ ಬೇಕಾಗಿಲ್ಲ ಎಂದಳು. ಹೂ ಮುಡಿಸಲು ಗಂಡಿನ ಕಡೆಯ ಹಿರಿಯಳನ್ನು ಭುಜ ಅಲುಗಿಸಿ ಎಬ್ಬಿಸಿದರು. ಮಾರಿಯಮ್ಮ ಗಾಬರಿಯಿಂದ ಕಣ್ಣು ಬಿಟ್ಟು, “ಮುಗೀತಾಪ್ಪಾ? ಬಸ್ಸು ಪೋಯಿಡ್ಚಾ?” ಎಂದು ಅರ್ಧ ತಮಿಳಿನಲ್ಲಿ ಕೇಳಿದಳು. ಈ ಸಲ ಅಕ್ಕಯ್ಯಮ್ಮನೂ ನಕ್ಕಳು.

ವನಿತಾಳ ತಲೆಗೆ ಹೂವು ಏರಿತು. ಇನ್ನು ಹುಡುಗಿಯ ತಂದೆ ನಾಲ್ಕು ಮಾತು ಆಡಬೇಕೆಂದು ರಾಮಚಂದ್ರಪ್ಪ ಮೈಕು ಕೊಟ್ಟ. ಕೊಟ್ಟ ಮೇಲೆ ಅವನಿಗೇ ಭಯವಾಯಿತು. ಚಲಪತಿ ಎದ್ದು ನಿಂತ. ಅಳಿಯನನ್ನು ನೋಡಿದ. ಹುಡುಗ ಅಂದಿನ ಹಾಗೆಯೇ ಕೈಕಟ್ಟಿ, ಕಣ್ಣೆತ್ತಿ, ಕೇಳಲು ಸಿದ್ಧನಾಗಿ ಕೂತಿದ್ದ. ಚಲಪತಿ ಗಂಟಲು ಸರಿಮಾಡಿಕೊಂಡ.

“ಟೀ ತಣ್ಣಗಾಗುತ್ತೆ. ಎಲ್ಲಾರೂ ಕುಡೀರಿ” ಎಂದು ಮೈಕು ಕೆಳಗಿಟ್ಟ.

ಆಮೇಲೆ ತಂಡದವರು ಹಾಡನ್ನು ಪೂರಾ ಗರ್ಜನೆಯೊಂದಿಗೆ ಹಾಡಿದರು. ಬಾಗಿಲೆಲ್ಲಿ ಎಂದು ಬಂದಾಗಲೆಲ್ಲಾ ಊರು ಕೊಟ್ಟಿಗೆಯ ಹಸುಗಳ ಸಮೇತ ದನಿಗೂಡಿಸಿತು. ಕೊನೆಯ ಸಾಲಿಗೆ ಎಲ್ಲರೂ ಬೆರಳೆತ್ತಿದರು. ಚಲಪತಿಯೂ ಎತ್ತಿದ, ಎಲ್ಲರಿಗಿಂತ ಎತ್ತರಕ್ಕೆ.

ಅಂದು ಕೆಜಿಎಫ್ ಕಡೆಯವರಿಗೆಲ್ಲಾ ಕಡೇ ಬಸ್ಸು ಸಿಕ್ಕಿತು. ಮಾರಿಯಮ್ಮನಿಗೆ ಕಿಟಕಿ ಪಕ್ಕ ಜಾಗವೂ ಸಿಕ್ಕಿತು. ಬೀಳ್ಕೊಡಲು ಬಂದ ಚಲಪತಿ ಕಿಟಕಿಯ ಸರಳು ಹಿಡಿದು ನಿಂತ. ತಡೆದುಕೊಂಡ, ಇನ್ನೂ ತಡೆದುಕೊಂಡ, ಕೊನೆಗೆ ತಡೆಯಲಾರದೆ, ಅಲ್ಲ ಅಳಿಯಂದ್ರೇ, ಆ ಬಾಗಿಲಿನ ವಿಷಯಕ್ಕೆ ಹೇಳಬೇಕೆಂದರೆ, ಎಂದ. ಕಂಡಕ್ಟರು ರೈಟ್ ಎಂದುಬಿಟ್ಟ. ಬಸ್ಸು ಹೊರಟಿತು. ವಿಜಯಕುಮಾರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

“ನಾಳೆ ಬತ್ತೀನಿ ಮಾಮ. ಪೂರ್ತಿ ಏಳಿ, ಕೂತ್ಕೊಂಡು ಕೇಳ್ತೀನಿ.”

ಚಲಪತಿ ಕುಣಿಯುತ್ತಾ ಮನೆಗೆ ಬಂದು, ಅಳಿಯ ನಾಳೆ ಬರುತ್ತಾನಂತೆ, ತಾನಾಗಿಯೇ ಹೇಳಿದ ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಅಕ್ಕಯ್ಯಮ್ಮ ಮಗನ ಮುಖವನ್ನು ಒಮ್ಮೆ ನೋಡಿ, ಸೊಸೆಯನ್ನು ಹತ್ತಿರ ಕರೆದಳು.

“ನಾಳೆ ಟೀನ ಫ್ಲಾಸ್ಕಿಗೆ ಆಕಮ್ಮ” ಎಂದಳು.